ಹಳೆಯ ಜಿಎಂಸಿ ಮೋಟಾರ್‌ಹೋಮ್ ಎಂಜಿನ್: ಯಾವ ಭಾಗ ಮೂಲದ್ದೇ ಇರಲಿ, ಯಾವುದು ಬದಲಾಗಲಿ

ಗೆಳೆಯರೇ, 1970ರ ದಶಕದ ಜಿಎಂಸಿ ಮೋಟಾರ್‌ಹೋಮ್‌ನ (ಅಮೆರಿಕದ ಮನೆಗಾಡಿ) ಓಲ್ಡ್ಸ್‌ಮೊಬೈಲ್ 455 ಎಂಜಿನ್ ಬಿಚ್ಚಿಸುವವರು ಕ್ಯಾಮ್‌ಶಾಫ್ಟ್ (ವಾಲ್ವ್‌ಗಳನ್ನು ತೆರೆಸಿ ಮುಚ್ಚಿಸುವ ದಂಡ, ಚಿಕ್ಕದಾಗಿ ಕ್ಯಾಮ್) ವಿಷಯದಲ್ಲಿ ಯಾರ ಮಾತಿಗೂ ಮರುಳಾಗಬೇಡಿ. ರೇಸಿಂಗ್ ಕ್ಯಾಮ್ ಹಾಕಿದರೆ ಶಕ್ತಿ ಹೆಚ್ಚುವುದು ನಿಜ, ಆದರೆ ಹೆಚ್ಚುವುದು ಮೇಲಿನ ಆರ್‌ಪಿಎಂನಲ್ಲಿ, ಅಂದರೆ ಎಂಜಿನ್ ನಿಮಿಷಕ್ಕೆ ಹೆಚ್ಚು ಸುತ್ತು ತಿರುಗುವಾಗ. ಸುಮಾರು ಐದು ಟನ್ ತೂಗುವ ಗಾಡಿ ಘಟ್ಟ ಹತ್ತುವುದು ಕೆಳಗಿನ ಆರ್‌ಪಿಎಂನ ಎಳೆತದಿಂದ. ಅದಕ್ಕೆ ಮೂಲ ಅಳತೆಯ ಕ್ಯಾಮ್ ಅಥವಾ ಅದಕ್ಕೆ ತೀರಾ ಹತ್ತಿರದ್ದೇ ಸರಿ.

ಕ್ಯಾಮ್ ತಿರುಗಿಸುವ ಟೈಮಿಂಗ್ ಚೈನ್, ಗಿಯರ್ ಮಾತ್ರ ಮೂಲದ್ದು ಬೇಡವೇ ಬೇಡ. ಆ ಕಾಲದ ಕ್ಯಾಮ್ ಗಿಯರ್‌ಗೆ ಶಬ್ದ ಕಡಿಮೆಯಾಗಲೆಂದು ನೈಲಾನ್ ಹಲ್ಲು ಕೂರಿಸಿದ್ದರು. ವರ್ಷಗಟ್ಟಲೆ ಬಿಸಿ ಎಣ್ಣೆಯಲ್ಲಿ ಬೆಂದು ಅದು ಪೆಡಸಾಗಿ ಚೂರುಚೂರಾಗಿ ಉದುರುತ್ತದೆ. ಸಂಪ್ (ಎಂಜಿನ್ ತಳದ ಎಣ್ಣೆ ತೊಟ್ಟಿ) ಕಳಚಿದಾಗ ಆಯಿಲ್ ಪಂಪಿನ ಜಾಲರಿಯನ್ನು ಬೆಳಕಿಗೆ ಹಿಡಿದು ನೋಡಿ. ಕಂದು ಚೂರುಗಳು ಸಿಕ್ಕಿಕೊಂಡಿದ್ದರೆ ಎಣ್ಣೆಯ ಹಾದಿ ಕಟ್ಟಿ ಬೇರಿಂಗ್ ಸುಡುವ ದಿನ ದೂರವಿಲ್ಲ ಎಂದೇ ಅರ್ಥ. ಪೂರ್ತಿ ಉಕ್ಕಿನ ಗಿಯರ್, ಡಬಲ್ ರೋಲರ್ ಚೈನ್ ಹಾಕಿಸಿ. ಇಲ್ಲಿ ಜಿಪುಣತನ ಸಲ್ಲದು.

ಎಕ್ಸಾಸ್ಟ್ ವಾಲ್ವ್ ಸೀಟ್ (ಹೊಗೆ ಬಿಡುವ ವಾಲ್ವ್ ಮುಚ್ಚಿದಾಗ ಕೂರುವ ಅಂಚು) ಸವೆದಿದ್ದರೆ ಗಡಸು ಸೀಟ್ ಕೂರಿಸಿ. ಹೊಗೆಯನ್ನು ಒಟ್ಟುಗೂಡಿಸಿ ಹೊರಬಿಡುವ ಎರಕದ ಮ್ಯಾನಿಫೋಲ್ಡ್ ಬಿರುಕು ಬಿಟ್ಟಿರದಿದ್ದರೆ ಮೈ ಸಮ ಮಾಡಿಸಿ ಅದನ್ನೇ ಉಳಿಸಿಕೊಳ್ಳಿ. ಅದರ ಬದಲು ಹಾಕುವ ತೆಳು ಕೊಳವೆಯ ಹೆಡರ್ ಇಕ್ಕಟ್ಟಿನ ಆ ಜಾಗಕ್ಕೆ ಇನ್ನಷ್ಟು ಬಿಸಿ ತರುತ್ತದೆ.

ಹೊಸ ಕ್ಯಾಮ್ ಜೊತೆ ಹೊಸ ಲಿಫ್ಟರ್‌ಗಳೇ (ಕ್ಯಾಮ್ ಮೇಲೆ ಕೂತು ವಾಲ್ವ್ ಕಡೆಗೆ ತಳ್ಳುವ ತುಂಡುಗಳು) ಇರಲಿ. ಜಿಂಕ್ ಹೆಚ್ಚಿರುವ ಎಣ್ಣೆ ಹಾಕಿ, ಮೊದಲ ಸಲ ಚಾಲೂ ಮಾಡಿದ ಕೂಡಲೇ 2,000 ಆರ್‌ಪಿಎಂ ಆಸುಪಾಸಿನಲ್ಲಿ 20 ನಿಮಿಷ ಓಡಿಸಿ. ಆ ಹೊತ್ತಿನಲ್ಲಿ ಐಡಲ್‌ಗೆ (ಆಕ್ಸಿಲರೇಟರ್ ಒತ್ತದಿದ್ದಾಗಿನ ನಿಧಾನ ಓಟ) ಇಳಿಸಬೇಡಿ.