ಅಮೆರಿಕಾದಲ್ಲಿ ಪೈಲಟ್ ಟ್ರೇನಿಂಗ್ ಮಾಡೋರು ಪಿಐಸಿ ಕಾಲಮ್ ಮೇಲೆ ಕಣ್ಣಿಡಿ

ಹೋದ ವಾರ ಬೆಂಗಳೂರಿನ ವಿಮಾನಪುರದ ಏರೋಸ್ಪೇಸ್ ಮೆಡಿಸಿನ್ ಇನ್‌ಸ್ಟಿಟ್ಯೂಟ್ ಹತ್ರ ಹಾಸನದ ಕಡೆ ಹುಡುಗ ಒಬ್ಬ ಸಿಕ್ಕಿದ್ದ, ಟೆಕ್ಸಾಸ್‌ನಲ್ಲಿ ಟ್ರೇನಿಂಗ್ ಮುಗಿಸಿ ಕ್ಲಾಸ್ ಒನ್ ಮೆಡಿಕಲ್‌ಗೆ, ಅಂದ್ರೆ ಕಮರ್ಷಿಯಲ್ ಪೈಲಟ್‌ಗೆ ಬೇಕಾದ ಆರೋಗ್ಯ ತಪಾಸಣೆಗೆ ಬಂದಿದ್ದ. ಹಾರಿಸಿದ ಗಂಟೆ ಬರೆದಿಡೋ ಲಾಗ್‌ಬುಕ್ ತೋರಿಸಪ್ಪ ಅಂದೆ. ನೋಡಿ ಹೊಟ್ಟೆ ಉರೀತು. ಆರು ವರ್ಷದ ಹಿಂದೆ ನಾನು ಮಾಡಿದ ತಪ್ಪೇ, ಅದೇ ಪಿಐಸಿ ಕಾಲಮ್, ಪೈಲಟ್ ಇನ್ ಕಮಾಂಡ್ ಅಂತ, ವಿಮಾನದ ಹೊಣೆ ತಾನೇ ಹೊತ್ತು ಹಾರಿಸಿದ ಗಂಟೆ ಬರೆಯೋ ಜಾಗ. ಅವರಪ್ಪ ತೋಟ ಅಡ ಇಟ್ಟು ಕಳಿಸಿದ್ದಂತೆ.

ವೀಸಾ, ಅಲ್ಲಿನ ಸೆಕ್ಯುರಿಟಿ ಇಲಾಖೆ ಟಿಎಸ್‌ಎ ಕೊಡೋ ಕ್ಲಿಯರೆನ್ಸ್ ಎಲ್ಲಾ ನಿಮಗೆ ಗೊತ್ತಿರುತ್ತೆ, ಬಿಡಿ. ಗೊತ್ತಿಲ್ಲದೇ ಇರೋದು ಇದು. ಅಲ್ಲಿ ಒಂದ್ಸಲ ಪ್ರೈವೇಟ್ ಲೈಸೆನ್ಸ್ ಬಂತು ಅಂದ್ರೆ, ಪಕ್ಕದಲ್ಲಿ ಇನ್‌ಸ್ಟ್ರಕ್ಟರ್ ಕೂತು ಹೇಳ್ಕೊಡ್ತಿದ್ರೂ ಕಂಟ್ರೋಲ್ ನಿಮ್ಮ ಕೈಲಿದ್ರೆ ಆ ಗಂಟೆನ ಡ್ಯುಯಲ್ (ಇನ್‌ಸ್ಟ್ರಕ್ಟರ್ ಜೊತೆ ಕಲಿತ ಗಂಟೆ) ಅಂತಾನೂ ಬರೀಬಹುದು, ಪಿಐಸಿ ಅಂತಾನೂ ಬರೀಬಹುದು, ಅಲ್ಲಿನ ರೂಲಲ್ಲಿ ಅದು ತಪ್ಪಲ್ಲ, ಎಲ್ಲರೂ ಹಾಗೇ ಬರೀತಾರೆ. ಇಲ್ಲಿ ಲೈಸೆನ್ಸ್ ಕೊಡೋ ನಮ್ಮ ವಿಮಾನಯಾನ ಇಲಾಖೆ ಡಿಜಿಸಿಎ ಲೆಕ್ಕದಲ್ಲಿ ಡ್ಯುಯಲ್ ಅಂದ್ರೆ ಡ್ಯುಯಲ್, ಪಿಐಸಿಗೆ ಸೇರಲ್ಲ, ಮುಗೀತು. ಇಲ್ಲಿ ಸಿಪಿಎಲ್‌ಗೆ, ಅಂದ್ರೆ ಕಮರ್ಷಿಯಲ್ ಪೈಲಟ್ ಲೈಸೆನ್ಸ್‌ಗೆ ಒಟ್ಟು 200 ಗಂಟೆ, ಅದ್ರಲ್ಲಿ 100 ಪಿಐಸಿ, ಆ ನೂರರಲ್ಲಿ 50 ಕ್ರಾಸ್ ಕಂಟ್ರಿ (ಒಂದು ಏರ್‌ಫೀಲ್ಡಿಂದ ದೂರದ ಇನ್ನೊಂದಕ್ಕೆ ಹೋಗೋ ಹಾರಾಟ) ಇರ್ಬೇಕು. ನನ್ನ ಬುಕ್ಕಲ್ಲಿ ಪಿಐಸಿ 165 ಇತ್ತು, ಧೈರ್ಯವಾಗಿ ಫ್ಲೈಟ್ ಹತ್ತಿ ಬಂದೆ. ಹೊರಗೆ ನೋಡದೆ ಮೀಟರ್ ನೋಡ್ಕೊಂಡೇ ಹಾರಿಸೋ ಇನ್‌ಸ್ಟ್ರುಮೆಂಟ್ ಟ್ರೇನಿಂಗು, ಕಮರ್ಷಿಯಲ್ ಟ್ರೇನಿಂಗು, ಇನ್‌ಸ್ಟ್ರಕ್ಟರ್ ಜೊತೆ ಮಾಡಿದ್ದೆಲ್ಲಾ ಅದರೊಳಗೇ ಸೇರ್ಕೊಂಡಿತ್ತು, ಕಳೆದು ನೋಡಿದ್ರೆ ಉಳಿದಿದ್ದು 77. ಬಾಕಿ 23 ಗಂಟೆ ಇಲ್ಲಿ ಒಂದು ಕ್ಲಬ್ಬಲ್ಲಿ ಹಾರಿಸಿ ಮುಗಿಸೋಕೆ ಮೂರೂವರೆ ಲಕ್ಷದ ಹತ್ರ ಹೋಯ್ತು, ಮಳೆಗಾಲ ಬೇರೆ, ವಿಮಾನಕ್ಕೆ ಕಾಯ್ತಾ ನಾಲ್ಕು ತಿಂಗಳು ಕೂತೆ. ಅಮ್ಮನ ಬಳೆ ಹೋಗಿದ್ದು ಆ 23 ಗಂಟೆಗೆ.

ಅದಕ್ಕೇ ಹೇಳ್ತಿರೋದು, ಮೊದಲ ದಿನದಿಂದ ಪ್ರತ್ಯೇಕ ಲೆಕ್ಕ ಇಡಿ, ಇನ್‌ಸ್ಟ್ರಕ್ಟರ್ ಇಲ್ಲದೆ ಹಾರಿಸಿದ ಗಂಟೆ ಮಾತ್ರ ಅದರಲ್ಲಿ ಬರೀರಿ. ಕಮರ್ಷಿಯಲ್ ಕೋರ್ಸಲ್ಲಿ 10 ಗಂಟೆ ಸೋಲೋ ಬದಲು ಇನ್‌ಸ್ಟ್ರಕ್ಟರ್‌ನ ಕೂರಿಸ್ಕೊಂಡು ಮಾಡೋಕೂ ಅಲ್ಲಿ ಅವಕಾಶ ಇದೆ, ಸ್ಕೂಲೋರು ಹಂಗೇ ಮಾಡಿ ಅಂದ್ರೆ ಒಪ್ಕೋಬೇಡಿ, ಸೋಲೋನೇ ಬೇಕು ಅಂತ ಪಟ್ಟು ಹಿಡೀರಿ. 300 ನಾಟಿಕಲ್ ಮೈಲಿಯ ಲಾಂಗ್ ಕ್ರಾಸ್ ಕಂಟ್ರಿ, ರಾತ್ರಿಯ 10 ಟೇಕಾಫ್ ಲ್ಯಾಂಡಿಂಗ್, ಎರಡೂ ಒಬ್ಬರೇ ಮಾಡಿ, ಲಾಂಗ್ ಕ್ರಾಸ್ ಕಂಟ್ರಿಯಲ್ಲಿ ಎರಡು ಬೇರೆ ಬೇರೆ ಏರ್‌ಫೀಲ್ಡಲ್ಲಿ ಪೂರ್ತಿ ನಿಲ್ಲಿಸಿ, ನೆಲ ಮುಟ್ಟಿ ನಿಲ್ಲದೆ ಮತ್ತೆ ಏರೋ ಟಚ್ ಅಂಡ್ ಗೋ ಲೆಕ್ಕಕ್ಕಿಲ್ಲ. ಇನ್ನೊಂದು, ಪಾರ್ಟ್ 141 ಅನ್ನೋ ಅಲ್ಲಿನ ರೂಲಿನ ಪ್ರಕಾರ ಒಪ್ಪಿಗೆ ಪಡೆದ ಸ್ಕೂಲಲ್ಲಿ 190 ಗಂಟೆಗೇ ಅವರ ಲೈಸೆನ್ಸ್ ಸಿಗಬಹುದು, ಖುಷಿಯಾಗಿ ವಾಪಸ್ ಬಂದ್ಬಿಟ್ರೆ ಇಲ್ಲಿ 10 ಗಂಟೆ ಕಮ್ಮಿ.

ನನ್ನ ಪ್ರಕಾರ ಈ ವಿಷಯದಲ್ಲಿ ನಮ್ಮ ರೂಲೇ ಸರಿ, ಪಕ್ಕದಲ್ಲಿ ಯಾರೂ ಇಲ್ಲದೆ ಮೋಡ ನೋಡಿ ತಿರುಗಬೇಕಾ ಬೇಡ್ವಾ ಅಂತ ನೀವೇ ತೀರ್ಮಾನ ಮಾಡೋದೇ ಪಿಐಸಿ. ಆದ್ರೆ ಪರೀಕ್ಷೆ ಅವರದ್ದೇ ಚೆನ್ನಾಗಿದೆ. ಎಗ್ಸಾಮಿನರ್ ಎದುರು ಕೂತು ಗಂಟೆಗಟ್ಲೆ ಬಾಯಲ್ಲಿ ಉತ್ತರ ಹೇಳ್ಬೇಕು, ಕ್ವೆಶ್ಚನ್ ಬ್ಯಾಂಕ್ ಉರು ಹೊಡೆದ್ರೆ ನಡೆಯಲ್ಲ.

ದುಡ್ಡಿನ ವಿಷಯ. ಮೊದಲು ಮೆಡಿಕಲ್ ಮುಗಿಸಿ, ಕಣ್ಣಲ್ಲೋ ಇಸಿಜಿಯಲ್ಲೋ ಏನಾದ್ರೂ ಬಂದ್ರೆ ಕಟ್ಟಿದ ಫೀಸ್ ವಾಪಸ್ ಬರೋದು ಕಷ್ಟ. ಡಿಜಿಸಿಎ ಪೇಪರ್‌ಗಳಿಗೆ 70 ಪರ್ಸೆಂಟ್ ಬೇಕು, ಇಲ್ಲೇ ಪಾಸ್ ಮಾಡಿ ಹೋಗಿ. ಬೆಂಗಳೂರಿನ ಜಕ್ಕೂರು ಸರ್ಕಾರಿ ಫ್ಲೈಯಿಂಗ್ ಸ್ಕೂಲಲ್ಲೂ ಒಂದ್ಸಲ ವಿಚಾರಿಸಿ. ಸ್ಕೂಲಿನ ರೇಟು ಎಂಜಿನ್ ಓಡಿದಷ್ಟು ಹೊತ್ತೂ ಎಣಿಸೋ ಹಾಬ್ಸ್ ಮೀಟರ್ ಮೇಲೋ, ಎಂಜಿನ್ ನಿಧಾನಕ್ಕೆ ತಿರುಗುವಾಗ ನಿಧಾನವಾಗಿ ಎಣಿಸೋ ಟ್ಯಾಕ್ ಮೀಟರ್ ಮೇಲೋ ಕೇಳಿ, ಹಾಬ್ಸ್ ಆದ್ರೆ ರನ್‌ವೇ ಹತ್ರ ಕ್ಯೂನಲ್ಲಿ ನಿಂತ ಹೊತ್ತಿಗೂ ಪೂರ್ತಿ ದುಡ್ಡು. ಡಿಸ್ಕೌಂಟ್ ಕೊಡ್ತೀವಿ ಅಂದ್ರೂ ಒಟ್ಟಿಗೆ ಕಟ್ಲೇಬೇಡಿ. 2008ರಲ್ಲಿ ಸಿಲ್ವರ್ ಸ್ಟೇಟ್ ಹೆಲಿಕಾಪ್ಟರ್ಸ್ ಅನ್ನೋ ದೊಡ್ಡ ಟ್ರೇನಿಂಗ್ ಕಂಪನಿ ಇದ್ದಕ್ಕಿದ್ದಂಗೆ ಬಾಗಿಲು ಹಾಕ್ತು, ಮೊದಲೇ ಸಾಲ ತಂದು ಫೀಸ್ ಕಟ್ಟಿದ್ದ ಹುಡುಗರ ತಲೆ ಮೇಲೆ ಸಾಲ ಮಾತ್ರ ಉಳೀತು. ಹತ್ತು ಗಂಟೆಗಾಗೋಷ್ಟು ಹಾಕಿ, ಹಾರಿಸಿ, ಮತ್ತೆ ಹಾಕಿ, ರಿಫಂಡ್ ಎಷ್ಟು ದಿನದಲ್ಲಿ ಅಂತ ಸೈನ್ ಮಾಡಿಸಿ ಇಟ್ಕೊಳ್ಳಿ.