ಮಂಗಳದ ಕಂಬ, ಮಲ್ಪೆಯ ಟೇಪು

"ಆಕಾಶದಿಂದ ತೆಗೆದ ಫೋಟೋದಲ್ಲಿ ಕಂಬ ಎಣಿಸ್ಲಿಕ್ಕೆ ಆಗ್ತದಾ ಮಾರಾಯಾ?" ಎಂದು ನಗಾಡಿದವರೇ ಈಗ ನನ್ನ ಲೆಕ್ಕ ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಮಂಗಳ ಗ್ರಹದ ಕಣಿವೆಯಾದ ಮಾರ್ಟೆ ವ್ಯಾಲಿಸ್‌ನ ಒಂದು ಕುಳಿಯ ಗೋಡೆಯಲ್ಲಿ ಲಾವಾ ಕಂಬಗಳುಂಟು, ಲಾವಾ ತಣಿದು ಬಿರಿದಾಗ ಆಗುವಂಥವು. ಮಂಗಳವನ್ನು ಸುತ್ತುವ ನೌಕೆಯ ಹೈರೈಸ್ ಕ್ಯಾಮೆರಾದ ಚಿತ್ರದಲ್ಲಿ ಕಂಡದ್ದು. 2009ರಲ್ಲಿ ಪ್ರಬಂಧ ಬಂತು. ಅಗಲ ಹೆಚ್ಚುಕಡಿಮೆ ಒಂದು ಮೀಟರ್. ಆ ಅಂಕಿ ನನ್ನ ಕೈಯಲ್ಲೂ ಬರಬೇಕಿತ್ತು.

ಮೊದಲು 1.9 ಬಂತು! ಎರಡು ತಿಂಗಳು ತಲೆ ಕೆಡಿಸಿಕೊಂಡೆ. ಕೊನೆಗೆ ನೋಡಿದರೆ ಕ್ಯೂಜಿಐಎಸ್ ಎಂಬ ನಕ್ಷೆ ತಂತ್ರಾಂಶದ ಪ್ರಾಜೆಕ್ಟಿನಲ್ಲಿ ಎಲಿಪ್ಸಾಯ್ಡ್, ಅಂದರೆ ಗ್ರಹದ ಆಕಾರ-ಗಾತ್ರದ ಮಾದರಿ, ಭೂಮಿಯದ್ದು. 3,396 ಕಿ.ಮೀ. ತ್ರಿಜ್ಯದ ಗ್ರಹವನ್ನು 6,378ರ ಲೆಕ್ಕದಲ್ಲಿ ಅಳೆದಿದ್ದೆ. ಮಂಗಳದ ಬದಲು ಮಂಗಳೂರನ್ನು ಅಳೆದ ಹಾಗೆ. ಸಿಟ್ಟಿನಲ್ಲಿ ಇನ್ನೊಂದು ಚಿತ್ರ ತೆಗೆದು ಪಿಕ್ಸೆಲ್ ಎಣಿಸಿದೆ. ಈಗ ಅರ್ಧ ಬಂತು. ಅದು ಪಿಕ್ಸೆಲ್‌ಗೆ 50 ಸೆಂ.ಮೀ.ಯ ಬಿನ್ನಿಂಗ್ ಚಿತ್ರ, ಅಂದರೆ ಪಕ್ಕಪಕ್ಕದ ಪಿಕ್ಸೆಲ್ ಸೇರಿಸಿ ಒಂದು ಮಾಡಿದ್ದು. ನಾನು 25ರಿಂದ ಗುಣಿಸಿದ್ದೆ. ಚಿತ್ರದ ಜತೆ ಬರುವ ಲೇಬಲ್ ಓದದವನಿಗೆ ಹೀಗೇ ಆಗಬೇಕು.

ಚಿತ್ರ ಪುಕ್ಕಟೆ, ಉಳಿದದ್ದಲ್ಲ. ರ್‍ಯಾಮಿಗೆ ಸುಮಾರು 4,000 ಹೋಯಿತು. ಒಂದು ಆನ್‌ಲೈನ್ ಕೋರ್ಸಿಗೆ 6,000 ಸುರಿದೆ. ಅದರಲ್ಲಿ ಗದ್ದೆ, ಕಾಡಿನ ಚಿತ್ರ ಬಿಟ್ಟು ಬೇರೆ ಎಂತ ಇರಲಿಲ್ಲ.

ದಾರಿ ಸಿಕ್ಕಿದ್ದು ಸೈಂಟ್ ಮೇರೀಸ್ ದ್ವೀಪದಲ್ಲಿ. ಮಲ್ಪೆಯಿಂದ ನಾಲ್ಕು ಸಲ ದೋಣಿ ಹತ್ತಿದೆ, ಚಹಾ ಸೇರಿ ಸಲಕ್ಕೆ 400 ಇರಬಹುದು. ಅಲ್ಲಿನ ಕಂಬಗಳು ಮಂಗಳದ್ದರಂತೆ ಬಸಾಲ್ಟ್ ಎಂಬ ಕಪ್ಪು ಲಾವಾ ಕಲ್ಲಲ್ಲ, ರಯೋಲೈಟ್ ಎಂಬ ಬೇರೆ ಲಾವಾ ಕಲ್ಲಿನ ಜಾತಿಯವು. ಹಾಗಾಗಿ ಅಗಲ ಹೋಲಿಸಲಿಲ್ಲ, ನನ್ನ ಕಣ್ಣಿನ ತಪ್ಪನ್ನು ಮಾತ್ರ ಅಳೆದೆ. ಐದು ಮೀಟರ್ ಟೇಪು ಹಾಸಿದೆ, 13 ಕಂಬ ಸಿಕ್ಕಿತು. ಅದೇ ಸಾಲಿನ ಫೋಟೋ ತೆಗೆದು ಮನೆಯಲ್ಲಿ ಬೇಕೆಂದೇ ಮಸುಕು ಮಾಡಿದೆ. ಕಂಬಕ್ಕೆ ನಾಲ್ಕು ಪಿಕ್ಸೆಲ್ ಇದ್ದಾಗ 12 ಎಣಿಸಿದೆ. ಮೂರಾದಾಗ 11. ಎರಡಾದಾಗ ಬರೀ 7, ಪಕ್ಕದ ಕಂಬಗಳು ಒಂದಕ್ಕೊಂದು ಅಂಟಿಕೊಂಡವು. ಬಿನ್ನಿಂಗ್ ಚಿತ್ರದಲ್ಲಿ ಮಂಗಳದ ಒಂದು ಮೀಟರ್ ಕಂಬಕ್ಕೆ ಎರಡೇ ಪಿಕ್ಸೆಲ್, ಅದು ಅಲ್ಲಿಗೇ ಔಟ್.

ಆಮೇಲೆ ಒಂದೊಂದೇ ಕಂಬ ಅಳೆಯುವುದು ಬಿಟ್ಟೆ. 25 ಸೆಂ.ಮೀ. ಚಿತ್ರದಲ್ಲಿ ಗೋಡೆಯ ಉದ್ದಕ್ಕೆ, ಇಳಿಜಾರಿಗೆ ಅಡ್ಡವಾಗಿ 20 ಮೀಟರ್ ಗೆರೆ ಎಳೆದೆ. ಮೇಲಿಂದ ಕೆಳಗೆ ಎಳೆದರೆ ಇಳಿಜಾರು ಅಳತೆಯನ್ನು ತಿನ್ನುತ್ತದೆ, ಗೊತ್ತಲ್ವಾ. ಬೆಳಕು ಎಡದಿಂದ ಬಿದ್ದಿತ್ತು. ಚಿತ್ರ ತಿರುಗಿಸಿ ಅದನ್ನು ಮೇಲಿಂದ ಬರುವಂತೆ ಮಾಡಿದೆ, ಆಗ ಗುಂಡಿ ಗುಡ್ಡೆಯಾಗಿ ಕಾಣುವುದು ನಿಂತಿತು. ಎಣಿಸಿದರೆ 19. ಇನ್ನೂ ಆರು ಗೆರೆಯಲ್ಲಿ 18ರಿಂದ 21. ಒಂದು ಮೀಟರ್, ಸರಿಯಾ?

ಎಣಿಸುವ ಮೊದಲು ನಾನೊಂದು ಫಿಲ್ಟರ್ ಹಾಕುತ್ತೇನೆ. ನಗಾಡಿದವರಲ್ಲಿ ಒಬ್ಬರು ಅದನ್ನೂ ಕೇಳಿದರು. ಮಳೆಗಾಲ ಕಳೆದು ದೋಣಿ ಶುರುವಾಗಲಿ, ಟಿಕೆಟ್ ಅವರು ತೆಗೆಯಲಿ, ಆಮೇಲೆ ನೋಡುವ ಎಂದಿದ್ದೇನೆ.