ಆರ್ಗಾನ್ ಎಂಬ ಹೆಸರನ್ನು ಬಿಡಿಸಿ ಓದುವ ಬಗೆ

ಮೂಲವಸ್ತುವಿನ ಹೆಸರನ್ನು ತಿಳಿಯಲು ನಿಘಂಟೊಂದೇ ಸಾಲದು; ಹೆಸರಿಟ್ಟವರಿಗೆ ಅಂದು ಏನು ಗೊತ್ತಿತ್ತು ಎಂಬುದನ್ನೂ ಜೊತೆಗಿಟ್ಟು ನೋಡಬೇಕು. ಜಡಾನಿಲಗಳಲ್ಲಿ ಮೊದಲು ಗಾಳಿಯಿಂದ ಬೇರ್ಪಟ್ಟ ಆರ್ಗಾನ್ ಈ ಅಭ್ಯಾಸಕ್ಕೆ ತಕ್ಕ ಉದಾಹರಣೆ.

ಮೊದಲಿಗೆ ಪದವನ್ನು ಒಡೆದು ನೋಡಿ. ಗ್ರೀಕಿನಲ್ಲಿ ‘ಎರ್ಗಾನ್’ ಎಂದರೆ ಕೆಲಸ. ನಿಷೇಧವನ್ನು ಸೂಚಿಸುವ ‘ಅ’ ಅದರ ಮೊದಲಿಗೆ ಸೇರಿ, ಕೆಲಸ ಮಾಡದ, ಸೋಮಾರಿಯಾದ ಎಂಬರ್ಥದ ‘ಅರ್ಗೋಸ್’ ಆಗುತ್ತದೆ. ಅದರ ನಪುಂಸಕಲಿಂಗದ ರೂಪವೇ ಆರ್ಗಾನ್. ‘ಅಜ್ಞಾನ’, ‘ಅಶಾಂತಿ’ಗಳಲ್ಲಿರುವ ಸಂಸ್ಕೃತದ ‘ಅ’ಕಾರಕ್ಕೂ ಇದಕ್ಕೂ ಮೂಲ ಒಂದೇ ಆದ್ದರಿಂದ ಕನ್ನಡದ ಓದುಗರಿಗೆ ಈ ರಚನೆ ಹೊಸದೆನಿಸದು.

ಅನಂತರ, ಅನಿಲವನ್ನು ಸೋಮಾರಿ ಎಂದದ್ದೇಕೆ ಎಂದು ಕೇಳಿಕೊಳ್ಳಿ. ಹೆಸರಿನ ಸ್ವಾರಸ್ಯವೆಲ್ಲ ಇರುವುದು ಇಲ್ಲಿಯೇ. ಗಾಳಿಯಿಂದ ಪಡೆದ ಸಾರಜನಕ ಲೀಟರಿಗೆ ಸುಮಾರು 1.257 ಗ್ರಾಂ ತೂಗಿದರೆ, ರಾಸಾಯನಿಕ ಸಂಯುಕ್ತಗಳಿಂದ ಪಡೆದದ್ದು ಸುಮಾರು 1.250 ಗ್ರಾಂ ಮಾತ್ರ ತೂಗುತ್ತಿದ್ದುದನ್ನು ಭೌತವಿಜ್ಞಾನಿ ಲಾರ್ಡ್ ರೇಲಿ ಗಮನಿಸಿದರು. ಇಷ್ಟು ಸಣ್ಣ ವ್ಯತ್ಯಾಸವನ್ನು ಅಳತೆಯ ದೋಷವೆಂದು ತಳ್ಳಿಹಾಕದೆ ಬೆನ್ನುಹತ್ತಿದ್ದು ನಿಜಕ್ಕೂ ದೊಡ್ಡ ಕೆಲಸ. 1894ರಲ್ಲಿ ಅವರೂ ರಸಾಯನವಿಜ್ಞಾನಿ ವಿಲಿಯಂ ರಾಮ್ಸೆಯೂ ಆ ಹೆಚ್ಚುವರಿ ತೂಕಕ್ಕೆ ಕಾರಣವಾದ ಅನಿಲವನ್ನು ಬೇರ್ಪಡಿಸಿ, ಕ್ಲೋರಿನ್, ಕೆಂಪಗೆ ಕಾಯಿಸಿದ ರಂಜಕ, ಸೋಡಿಯಂ ಮುಂತಾದವುಗಳೊಡನೆ ಸೇರಿಸಿ ನೋಡಿದರೂ ಅದು ಯಾವುದರೊಂದಿಗೂ ವರ್ತಿಸಲಿಲ್ಲ. ಹೆಸರು ಹೇಳುವುದು ಈ ಪ್ರಯೋಗಗಳ ಫಲವನ್ನೇ.

ಪದದ ಕೊನೆಯನ್ನೂ ಮರೆಯಬೇಡಿ. ಉಳಿದ ಜಡಾನಿಲಗಳ ಹೆಸರು ಆರ್ಗಾನ್‌ನಂತೆ ‘ಆನ್’ ಎಂದು ಮುಗಿದರೆ, ಹೀಲಿಯಂ ಮಾತ್ರ ಸೋಡಿಯಂನಂತೆ ‘ಇಯಂ’ ಎಂದು ಮುಗಿಯುತ್ತದೆ, ಏಕೆಂದರೆ ಸೂರ್ಯನ ಬೆಳಕಿನ ಹಳದಿ ಗೆರೆಯಲ್ಲಷ್ಟೇ ಅದು ಗೊತ್ತಿದ್ದ ಕಾಲದಲ್ಲಿ ಅದನ್ನು ಲೋಹವೆಂದು ಭಾವಿಸಲಾಗಿತ್ತು.

ಹೆಸರು ಇಂದಿಗೂ ನಿಜವೇ ಎಂದೂ ಪರೀಕ್ಷಿಸಿ. 2000ದಲ್ಲಿ ಹೆಲ್ಸಿಂಕಿಯ ವಿಜ್ಞಾನಿಗಳು ಅತಿ ಶೀತದಲ್ಲಿ ಆರ್ಗಾನ್, ಜಲಜನಕ, ಫ್ಲೋರಿನ್‌ಗಳು ಕೂಡಿದ ಅಣುವನ್ನು ಪಡೆದರು. ಆದ್ದರಿಂದ ‘ಸೋಮಾರಿ’ ಎಂಬುದನ್ನು ‘ಎಂದೂ ಕೆಲಸ ಮಾಡದ’ ಎಂದು ಓದುವುದು ತಪ್ಪಾಗುತ್ತದೆ.

ಇದೇ ಕ್ರಮದಲ್ಲಿ 1898ರಲ್ಲಿ ಪತ್ತೆಯಾದ ಮೂರು ಜಡಾನಿಲಗಳ ಹೆಸರುಗಳನ್ನು ಓದಿರಿ: ನಿಯಾನ್ ಎಂದರೆ ಹೊಸದು, ಕ್ರಿಪ್ಟಾನ್ ಎಂದರೆ ಅಡಗಿದ್ದು, ಕ್ಸೆನಾನ್ ಎಂದರೆ ಅಪರಿಚಿತ. ದ್ರವರೂಪದ ಗಾಳಿ ಬಹುಪಾಲು ಆವಿಯಾಗಿ ಹೋದ ಮೇಲೆ ಉಳಿದ ಶೇಷದಲ್ಲಿ ಕ್ರಿಪ್ಟಾನ್ ಸಿಕ್ಕಿತೆಂದು ತಿಳಿದಾಗ, ‘ಅಡಗಿದ್ದು’ ಎಲ್ಲಿ ಅಡಗಿತ್ತೆಂಬುದೂ ತಿಳಿಯುತ್ತದೆ.